ಬೆವರು ನಿಂತ ಮೇಲೆ

ಶೋಭಾರಾಣಿಗೆ ಹಾವಿನ ಹೆದರಿಕೆಯಿಲ್ಲ, ಕತ್ತಲೆಯ ಹೆದರಿಕೆಯಿಲ್ಲ. ನೀಲಿ ಟಾರ್ಪಾಲಿನ ಹೆದರಿಕೆಯಿದೆ. ಮದುವೆಮನೆಯ ಶಾಮಿಯಾನಕ್ಕೆ ಯಾರಾದರೂ ನೀಲಿ ಟಾರ್ಪಾಲು ಕಟ್ಟಿದ್ದರೆ ಊಟ ಬಿಟ್ಟು ಎದ್ದು ಬರುತ್ತಾಳೆ. ಗೊತ್ತಿಲ್ಲದವರು ಧಿಮಾಕು ಎನ್ನುತ್ತಾರೆ. ಅನ್ನಲಿ, ಆಡುವ ಬಾಯಿಗೆ ಬೀಗ ಹಾಕುವವರು ಯಾರು?

ಶ್ರೀನಿವಾಸಪುರದ ಕಡೆ ಮಾವಿನ ತೋಟ ಕಾಯುತ್ತಿದ್ದವನ ಮಗಳು ಅವಳು. ತೆಲುಗು ಮಾತಾಡುತ್ತಾ ಶಿವಾರಪಟ್ಟಣಕ್ಕೆ ಸೊಸೆಯಾಗಿ ಬಂದಳು. ಗಂಡ ಉಮಾಶಂಕರ್ ವಿಗ್ರಹ ಕೆತ್ತುವವನು. ಸೊಸೆ ಬಂದ ವಾರದಲ್ಲೇ ಅತ್ತೆ ಶಾಮಲಮ್ಮ ಅವಳ ಕೈಗೆ ಉಜ್ಜುವ ಕಲ್ಲು ಕೊಟ್ಟು, "ಕನ್ನಡ ಆಮೇಲೆ ಕಲೀವಂತೆ, ಮೊದಲು ಈ ಕೃಷ್ಣನ ಕೆನ್ನೆ ನುಣುಪು ಮಾಡು" ಅಂದಳು. ಅಂದಿನಿಂದ ದೇವರುಗಳ ಕೆನ್ನೆಗೆ ನೀರು ಹಾಕಿ ಉಜ್ಜುವುದೇ ಶೋಭಾರಾಣಿಯ ಕಸುಬಾಯಿತು. ತನ್ನ ಕೆನ್ನೆಗೆ ಪೌಡರ್ ಹಚ್ಚಲು ಪುರುಸೊತ್ತಾದದ್ದು ಕಡಿಮೆ.

ಆ ಮನೆತನಕ್ಕೆ ಒಂದು ಕಟ್ಟುಪಾಡಿತ್ತು. ವಿಗ್ರಹದ ಕಣ್ಣು ತೆರೆಸುವ, ಅಂದರೆ ಕೊನೆಯದಾಗಿ ಕಣ್ಣು ಕೆತ್ತುವ ದಿನ ಶಿಲ್ಪಿಯ ಸುತ್ತ ಪರದೆ ಕಟ್ಟಬೇಕು. ಅವನು ಬೆಳಗಿನಿಂದ ಹನಿ ನೀರೂ ಮುಟ್ಟಬಾರದು. ಹೊಸ ಕಣ್ಣಿನ ಮೊದಲ ನೋಟ ಕನ್ನಡಿಯ ಮೇಲೇ ಬೀಳಬೇಕಾದ್ದರಿಂದ, ಅವನಾಗಿ ಕರೆಯುವ ತನಕ ಯಾರೂ ಪರದೆ ಎತ್ತಬಾರದು. ಕೆತ್ತುತ್ತಾ ಕೆತ್ತುತ್ತಾ ಅವನ ಬೆವರು ನಿಂತುಹೋದರೆ ಕಲ್ಲು ಅವನನ್ನು ಒಪ್ಪಿತು ಎಂದು ಲೆಕ್ಕ. ತಾತಂದಿರ ಕಾಲದಲ್ಲಿ ಇದೆಲ್ಲ ಮಾಗಿಯ ಚಳಿಯಲ್ಲಿ, ಹುಣಸೆಮರದ ಕೆಳಗೆ ನಡೆಯುತ್ತಿತ್ತು. ಈಗ ಆರ್ಡರ್ ಕೊಟ್ಟವರು ಹೇಳಿದ್ದೇ ಮುಹೂರ್ತ, ತಲೆಯ ಮೇಲೆ ತಗಡಿನ ಶೀಟು. ಬಿಸಿಲು ಬದಲಾಯಿತು, ಕಟ್ಟುಪಾಡು ಮಾತ್ರ ಅಲ್ಲಾಡಲಿಲ್ಲ.

ಕೆಲವು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಉಮಾಶಂಕರ್ ಒಂದು ನರಸಿಂಹನ ಕಣ್ಣು ತೆರೆಸಲು ನೀಲಿ ಟಾರ್ಪಾಲಿನ ಹಿಂದೆ ಕೂತ. ಮಧ್ಯಾಹ್ನ ಒಳಗಿನಿಂದ ಕೂಗಿದ: "ಶೋಭಾ, ಬೆವರು ನಿಂತೋಯ್ತು ಕಣೇ!" ಅವಳು ಹೊರಗೆ ನಿಂತು ಕೈಮುಗಿದಳು. ಉಳಿಯ ಸದ್ದು ಟಕ್, ಟಕ್ ಎಂದು ಕೇಳುತ್ತಲೇ ಇತ್ತು. ಸಂಜೆಯಾದರೂ ಅವನು ಕರೆಯಲಿಲ್ಲ. ಕೊನೆಗೆ ಪರದೆ ಎತ್ತಿದರೆ, ಅವನು ವಿಗ್ರಹದ ಪಾದಕ್ಕೆ ತಲೆಯಿಟ್ಟು ಬಿದ್ದಿದ್ದ. ಡಾಕ್ಟರು ಮುಟ್ಟಿ ನೋಡಿ, ಜೀವ ಹೋಗಿ ಬಹಳ ಹೊತ್ತಾಗಿದೆ ಅಂದರು.

ಬಹಳ ಹೊತ್ತು! ಹಾಗಾದರೆ ಅಲ್ಲಿಯವರೆಗೆ ಉಳಿ ಬಡಿಯುತ್ತಿದ್ದವರು ಯಾರು?

ದೇವರೇ ಕರೆದುಕೊಂಡ ಎಂದು ಊರು ಹೇಳಿತು. ಶೋಭಾರಾಣಿಯೂ ಅದನ್ನೇ ನಂಬಿದಳು. ನಂಬದೆ ಇದ್ದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದೇ ಕಣ್ಣು ತೆರೆದ ಆ ನರಸಿಂಹನನ್ನು ಯಾರೂ ಒಯ್ಯಲಿಲ್ಲ. ಮುಖಕ್ಕೆ ಕೆಂಪು ಬಟ್ಟೆ ಸುತ್ತಿಸಿಕೊಂಡು ಅದು ಶೆಡ್ಡಿನ ಮೂಲೆಯಲ್ಲೇ ನಿಂತಿದೆ. ಅದಕ್ಕೆ ಬೆನ್ನು ಹಾಕಿ ಕೂತರೆ ಶೋಭಾರಾಣಿಯ ಹೆಗಲ ಮೇಲೆ ಯಾರೋ ಬಿಸಿ ಕೈ ಇಟ್ಟ ಹಾಗಾಗುತ್ತದೆ.

ಈ ಬೇಸಿಗೆಯಲ್ಲಿ ಬೇರೊಂದು ವಿಗ್ರಹಕ್ಕಾಗಿ ಟಾರ್ಪಾಲು ಮತ್ತೆ ಏರಿತು. ಈ ಸಲ ಕೂತವನು ಮೈದುನ ಭೀಮರಾಜ್. ಅದೇ ದಿನ ಶೆಡ್ಡಿನ ಎದುರಿನ ಸಮುದಾಯ ಭವನದಲ್ಲಿ ಒಂದು ಸಭೆ. ಅಲ್ಲಿಗೆ ಹೊರಟಿದ್ದ ಶೋಭಾರಾಣಿಗೆ ಅತ್ತಿಗೆಯನ್ನು ಅವಳ ತೆಲುಗಿನಲ್ಲೇ ಕರೆಯುವ ಭೀಮರಾಜನ ದನಿ ಪರದೆಯೊಳಗಿನಿಂದ ಕೇಳಿತು: "ವದಿನಾ, ಬೆವರು ನಿಂತೋಯ್ತು!"

ಅವಳು ಕೈಮುಗಿದೇ ಹೋದಳು.

ಸಭೆ ಕರೆದವಳು ಸಂಹಿತಾ, ಮುಳಬಾಗಿಲಿನ ಹುಡುಗಿ, ಆರೋಗ್ಯದ ಸಂಶೋಧನೆ ಮಾಡುವವಳು. ಜಮಖಾನದ ಮೇಲೆ ಸೊಳ್ಳೆ, ಕೆಟ್ಟ ನೀರು, ಹೊಗೆ, ಬಿಸಿಲು, ಹೀಗೆ ಚಿತ್ರಗಳನ್ನು ಹರಡಿದ್ದಳು. ಎಲ್ಲರ ಕೈಗೂ ಹುಣಸೆಬೀಜ ಕೊಟ್ಟಳು. "ಹವಾಮಾನ ಕೆಟ್ಟು ಮನುಷ್ಯರ ಮೈಗೆ ಏನೇನಾಗ್ತಿದೆ ಅಂತ ಪ್ರಪಂಚದಲ್ಲೆಲ್ಲ ಸಂಶೋಧನೆ ಮಾಡ್ಬೇಕಾಗಿದೆ. ಎಲ್ಲಾನೂ ಒಟ್ಟಿಗೆ ಆಗಲ್ಲ. ಯಾವ ಪ್ರಶ್ನೆ ಮೊದಲು ಅಂತ ಬೇರೆಬೇರೆ ದೇಶದಲ್ಲಿ ಹೀಗೇ ಕೇಳ್ತಿದ್ದೀವಿ. ನಿಮಗೆ ಯಾವುದು ಮೊದಲೋ ಅದರ ಮೇಲೆ ಬೀಜ ಇಡಿ" ಅಂದಳು.

ಹಿರಿಯ ನರಸಿಂಹಪ್ಪ ಎಲ್ಲ ಬೀಜಗಳನ್ನೂ ಸೊಳ್ಳೆಯ ಮೇಲೆ ಸುರಿದ. "ರಾತ್ರಿಯೆಲ್ಲ ಅದು ನನ್ನ ಮೇಲೆ ಕೂರುತ್ತೆ ಕಣಮ್ಮ, ಇವತ್ತು ನಾನು ಅದರ ಮೇಲೆ ಕೂರ್ತೀನಿ." ಜನ ನಕ್ಕರು. ಎದುರಿನ ಶೆಡ್ಡಿನಿಂದ ಟಕ್, ಟಕ್ ಕೇಳುತ್ತಿತ್ತು.

ಸಂಹಿತಾ ಬಿಸಿಲಿನ ಚಿತ್ರ ಎತ್ತಿಕೊಂಡಳು. "ಬೆವರು ಮೈಯನ್ನ ತಣ್ಣಗಿಡುತ್ತೆ. ಬಿಸಿಲಲ್ಲಿ ದುಡಿಯೋರಿಗೆ ಬೆವರು ನಿಂತುಹೋದ್ರೆ ಅದು ಅಪಾಯದ ಗುರುತು. ಮೈ ಒಳಗೊಳಗೇ ಬೇಯುತ್ತೆ. ತಕ್ಷಣ ನೀರು ಸುರಿದು ತಣ್ಣಗೆ ಮಾಡದೆ ಇದ್ರೆ ಜೀವ ಹೋಗುತ್ತೆ."

ಶೋಭಾರಾಣಿ ತಟ್ಟನೆ ಎದ್ದಳು. ಬೀಜಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಲೇ ಓಡಿದಳು.

ಪರದೆಯ ಮುಂದೆ ಶಾಮಲಮ್ಮ ಕಾವಲು ಕೂತಿದ್ದಳು. ಸೊಸೆಯ ಕೈ ಟಾರ್ಪಾಲಿಗೆ ಹೋದದ್ದು ನೋಡಿ ಸೆರಗು ಹಿಡಿದು ಜಗ್ಗಿದಳು. "ಎತ್ತಬೇಡ ಕಣೇ! ಅವನು ಕರೆದಿಲ್ಲ. ಉಳಿ ಬಡೀತಿರೋದು ಕೇಳಿಸ್ತಿಲ್ವಾ?"

"ಅವತ್ತೂ ಬಡೀತಿತ್ತು, ಅತ್ತೆ."

ಮುದುಕಿಯ ಕೈ ಸಡಿಲವಾಯಿತು. ಶೋಭಾರಾಣಿ ಪರದೆ ಎತ್ತಿದಳು. ಸದ್ದು ಪಟ್ಟನೆ ನಿಂತಿತು. ಭೀಮರಾಜ್ ಅಂಗಾತ ಬಿದ್ದಿದ್ದ. ಉಳಿ ಸುತ್ತಿಗೆಗಳು ಅವನ ಕೈಗೆ ಎಟುಕದಷ್ಟು ದೂರದಲ್ಲಿ, ಕೆಂಪು ಬಟ್ಟೆಯ ನರಸಿಂಹನ ಕಾಲ ಬಳಿ ಇದ್ದವು. ಅದನ್ನು ನೋಡುತ್ತಾ ನಿಲ್ಲಲು ಅವಳಿಗೆ ಹೊತ್ತಿರಲಿಲ್ಲ. ಉಜ್ಜಲು ಇಟ್ಟಿದ್ದ ನೀರನ್ನೆಲ್ಲ ಬಕೆಟ್ಟುಗಟ್ಟಲೆ ಅವನ ಮೇಲೆ ಸುರಿದಳು. ಅವನ ಮೈ ಕಾದ ಹೆಂಚಿನಂತೆ ಸುಡುತ್ತಿತ್ತು. ಹಿಂದೆಯೇ ಓಡಿಬಂದ ಸಂಹಿತಾ ಆಂಬುಲೆನ್ಸಿಗೆ ಫೋನು ಮಾಡಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಿದಳು. ಶಾಮಲಮ್ಮ ತಾನೇ ಟಾರ್ಪಾಲು ಕಿತ್ತೆಸೆದಳು.

ಮಾಲೂರಿನ ಆಸ್ಪತ್ರೆಯಲ್ಲಿ ಸಂಜೆ ಭೀಮರಾಜ್ ಕಣ್ಣು ಬಿಟ್ಟ. ಅವನ ಹಣೆಯ ಮೇಲೆ ಒಂದು ಹನಿ ಬೆವರು ಮೂಡಿದ್ದು ಕಂಡು ಶೋಭಾರಾಣಿ ಗೊಳೋ ಎಂದು ಅತ್ತಳು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಅಳು ನಿಂತ ಮೇಲೆ ಪಕ್ಕದಲ್ಲಿದ್ದ ಸಂಹಿತಾಳನ್ನು ಕೇಳಿದಳು: "ಮೇಡಂ, ಬೆವರು ನಿಂತ ಮೇಲೆ ಎಷ್ಟು ಹೊತ್ತು ಇರುತ್ತೆ, ಪರದೆ ಎತ್ತೋಕೆ?"

"ಒಬ್ಬೊಬ್ಬರ ಮೈ ಒಂದೊಂದು ಥರ ಅಕ್ಕಾ. ಇಂಥ ಶೆಡ್ಡಲ್ಲಿ, ನೀರೂ ಕುಡೀದೆ ದುಡಿಯೋರಿಗೆ ಎಷ್ಟು ಹೊತ್ತು ಅಂತ ಸರಿಯಾಗಿ ಹೇಳೋಕೆ ನನಗೆ ಗೊತ್ತಿಲ್ಲ."

ಶೋಭಾರಾಣಿ ಸೆರಗಿನ ಗಂಟು ಬಿಚ್ಚಿದಳು. ಬೀಜಗಳು ಒದ್ದೆ ಬಟ್ಟೆಗೆ ಅಂಟಿಕೊಂಡಿದ್ದವು. ಒಂದೊಂದನ್ನೇ ಬಿಡಿಸಿ ಎಲ್ಲವನ್ನೂ ಸಂಹಿತಾಳ ಕೈಗೆ ಹಾಕಿದಳು.

"ಇದನ್ನ ಮೊದಲು ಹುಡುಕಿ ಮೇಡಂ. ಅವತ್ತು ನಾನು ಕೈಮುಗಿದು ಹೊರಗೆ ನಿಂತಿದ್ದಾಗ ನಮ್ಮ ಯಜಮಾನ್ರು ಇನ್ನೂ ಬದುಕಿದ್ರಾ? ನನಗೆ ಗೊತ್ತಾಗಬೇಕು."