ಬ್ಯಾಂಡಿನವರ ಪಂಕ್ತಿಯಲ್ಲಿ ಕುಳಿತ ಅಣ್ಣ

ನನ್ನ ಅಣ್ಣನ ಕೆಳದುಟಿಯ ಒಳಗೆ ದಡ್ಡುಗಟ್ಟಿತ್ತು. ಕ್ಲಾರಿನೆಟ್ ಊದುವಾಗ ಆ ತುಟಿಯನ್ನು ಹಲ್ಲಿನ ಮೇಲೆ ಮಡಚಿ ಒತ್ತಿ ಹಿಡಿಯಬೇಕಂತೆ. ಖಾರ ತಗುಲಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ತಟ್ಟೆ ಸರಿಸುತ್ತಿರಲಿಲ್ಲ.

ನಮ್ಮದು ಕುರುಗೋಡು. ಅಣ್ಣ ವಾರವೆಲ್ಲ ಬಳ್ಳಾರಿಯಲ್ಲಿ ಹತ್ತಿ ಬಿಡಿಸುವ ಕಾರ್ಖಾನೆಯಾದ ಜಿನ್ನಿನಲ್ಲಿ ದುಡಿದು, ಶನಿವಾರ ಭಾನುವಾರ ಸಂಜೆ ಸ್ಟೇಷನ್ ಹತ್ತಿರದ ಒಂದು ಬಾರಿನಲ್ಲಿ ಊದುತ್ತಿದ್ದ. ಜೊತೆಗೆ ಒಬ್ಬ ಡ್ರಮ್ಮಿನವನು, ಒಬ್ಬ ಅಕಾರ್ಡಿಯನ್ನಿನವನು. ಮುಹೂರ್ತದ ದಿನಗಳಲ್ಲಿ ಇವರೇ ಇನ್ನಷ್ಟು ಮಂದಿಯನ್ನು ಸೇರಿಸಿಕೊಂಡು, ಕೆಂಪು ಕೋಟು ತೊಟ್ಟು ಮದುವೆಯ ಬ್ಯಾಂಡಾಗುತ್ತಿದ್ದರು. ಅಣ್ಣ ಕುಡಿಯುತ್ತಿರಲಿಲ್ಲ. ಆದರೂ ಊರಿಗೆ ಬಂದಾಗ ಅವ್ವ ಅವನ ಅಂಗಿಯನ್ನು ಹೊಸ್ತಿಲಾಚೆಯೇ ಬಿಚ್ಚಿಸುತ್ತಿದ್ದಳು.

"ಲಿಂಗ ಕಟ್ಟಿದ ಮೈಯಾಗ ಹೆಂಡದ ವಾಸನಿ ಏನಲೇ?"

"ವಾಸನಿ ಅಂಗೀದು ಯವ್ವಾ, ನಂದಲ್ಲ."

ನನ್ನ ಹತ್ತಿರ ಮಾತ್ರ ಬಾರಿನ ಸುದ್ದಿ ಹೇಳುತ್ತಿದ್ದ. "ಕುಡದವ್ರು ಕುಣ್ಯಾಕ ಬರ್ತಾರ ಅಂತ ತಿಳದಿದ್ದೆ. ಅರ್ಧ ಮಂದಿ ಅಳಾಕ ಬರ್ತಾರವ್ವ. ಅವ್ರಿಗೆ ಸಣ್ಣಗ ಊದಬೇಕು." ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಅವನ ಮಾತೇ ಹೊರಗಿನ ಲೋಕವಾಗಿತ್ತು.

ದೇಶನೂರಿನಿಂದ ನನಗೆ ಸಂಬಂಧ ಕೂಡಿಬಂತು. ಗದ್ದೆ ಇದ್ದ ಮನೆ. ವರನ ಚಿಕ್ಕಪ್ಪ, ಹೆಣ್ಣಿನ ಮನೆಯಲ್ಲಿ ಬಾರಿನಲ್ಲಿ ಬಾರಿಸುವವನೊಬ್ಬ ಇದ್ದಾನೆಂಬ ಕಾರಣಕ್ಕೇ ಹಿಂದೆ ಒಂದು ಸಂಬಂಧವನ್ನು ಮುರಿದವನೆಂದು ಗೊತ್ತಾಯಿತು. ಅಪ್ಪ, "ಮಗ ಜಿನ್ನಿನಾಗ ಅದಾನ" ಎಂದಷ್ಟೇ ಹೇಳಿದ. ಆಮೇಲೆ ತಿಳಿಯಿತು, ಮದುವೆಗೆ ಅವರು ಬಳ್ಳಾರಿಯಿಂದ ಗೊತ್ತು ಮಾಡಿದ್ದು ಅಣ್ಣನ ಬ್ಯಾಂಡನ್ನೇ.

ಅಣ್ಣನಿಗೆ ಹೇಳಿದವಳು ನಾನು.

"ಅಣ್ಣಾ, ನೀ ಬಂದ್ರ ಬ್ಯಾಂಡಿನವ್ರು ಮಾತಾಡಸ್ತಾರ. ಎಲ್ಲಾರಿಗೂ ಗೊತ್ತಾಗ್ತೈತಿ. ಬರಬ್ಯಾಡ."

"ಆತು ಬಿಡವ್ವ" ಎಂದ.

ಜಿನ್ನಿನಲ್ಲಿ ರಜೆ ಸಿಗಲಿಲ್ಲವೆಂದು ಅಪ್ಪ ಬೀಗರಿಗೆ ಹೇಳಿದ. ಆದರೆ ದೇಶನೂರಿನ ಮೆರವಣಿಗೆಯಲ್ಲಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕೆಂಪು ಕೋಟಿನಲ್ಲಿ ಊದುತ್ತಿದ್ದವನು ನನ್ನ ಅಣ್ಣ. ಜನ ವಾದ್ಯ ನೋಡುತ್ತಾರೆ, ಊದುವವನ ಮುಖ ನೋಡುವುದಿಲ್ಲ. ಅವನು ಅದನ್ನೇ ನಂಬಿ ಬಂದಿದ್ದ. ಒಡಹುಟ್ಟಿದವಳ ಮದುವೆಯಲ್ಲಿ ನಿಲ್ಲಲು ಅವನಿಗೆ ಬೇರೆ ಜಾಗವನ್ನು ನಾನು ಉಳಿಸಿರಲಿಲ್ಲ.

ಹೊಸ ಸೊಸೆ ಮೊದಲು ತುಪ್ಪ ಬಡಿಸುವುದು ಮದುವೆಗೆ ದುಡಿದವರಿಗೆ ಎಂಬುದು ಆ ಮನೆಯ ಪದ್ಧತಿ. ಅತ್ತೆ ತುಪ್ಪದ ಗಿಂಡಿಯನ್ನು ನನ್ನ ಕೈಗೆ ಕೊಟ್ಟು ಬ್ಯಾಂಡಿನವರ ಪಂಕ್ತಿಗೆ ಕರೆದೊಯ್ದಳು. ಅಣ್ಣನ ಎಲೆಯ ಮುಂದೆ ಬಂದಾಗ ಎಲೆ ನೋಡದೆಯೇ ಗಿಂಡಿ ಬಗ್ಗಿಸಿದೆ. ಅವನು ತಲೆ ಎತ್ತಿದ.

"ಸಾಕ್ರಿ ಅಮ್ಮಾರ. ಮುಂಜಾನಿಂದ ನಿಂತೀರಿ, ನೀವೂ ಉಣ್ರಿ."

ಎತ್ತಿ ಆಡಿಸಿದ ತಂಗಿಗೆ ಅವನು ಬಹುವಚನ ಹಚ್ಚಿದ. ನಾನು ಮುಂದಿನ ಎಲೆಗೆ ನಡೆದೆ.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಲು ಅಣ್ಣನೇ ಬರಬೇಕು. ನನಗೆ ಪ್ರತಿ ವರ್ಷ ಅಪ್ಪ ಬಂದ. ಅಣ್ಣ ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ, ಅಲ್ಲಿಂದ ಮೂವರೂ ಕುರುಗೋಡಿಗೆ ಹೋಗುತ್ತಿದ್ದೆವು. ಮೊದಲ ವರ್ಷ ನನ್ನನ್ನು ಕಂಡವನೇ, "ಹ್ಯಾಂಗ ಅದೀರಿ ಅಮ್ಮಾರ?" ಎಂದು ತಮಾಷೆ ಮಾಡಿದ. ನಾನು ಅತ್ತುಬಿಟ್ಟೆ. ಮತ್ತೆಂದೂ ಹಾಗೆ ಅನ್ನಲಿಲ್ಲ. ನಾನೂ ಮನೆಗೆ ಬಾ ಎಂದು ಕರೆಯಲಿಲ್ಲ.

ಜಿನ್ನಿನ ಧೂಳೋ, ಬಾರಿನ ಹೊಗೆಯೋ, ಅವನ ಎದೆ ಕೆಟ್ಟಿತು. ತಾನು ಮದುವೆಯಾಗುವ ಮೊದಲೇ ತೀರಿಹೋದ. ಸುದ್ದಿ ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಎದುರು ಕುಸಿದು ಕುಳಿತು, ನನ್ನ ಮದುವೆಯಲ್ಲಿ ಕ್ಲಾರಿನೆಟ್ ಊದಿದವನೇ ನನ್ನ ಅಣ್ಣ ಎಂದೆ.

"ಗೊತ್ತೈತಿ" ಎಂದಳು. "ಅವತ್ತ ತುಪ್ಪಾ ಎಲಿ ಬಿಟ್ಟು ನೆಲಕ್ಕ ಹಾಕಿದ್ದಿ. ಅವನ ಮುಖ ನೋಡಿದೆ. ಮೂಗು ನಿಂದಾ ಇತ್ತು."

"ಸಣ್ಣ ಮಾವಗ ತಿಳದಿದ್ರ..." ಎಂದು ಗಂಡನ ಚಿಕ್ಕಪ್ಪನ ಮಾತೆತ್ತಿದೆ.

"ಎರಡು ದಿನ ಕೂಗಾಡ್ತಿದ್ದ. ಆಮ್ಯಾಲ ಹಸಿವಾಗಿ ಉಣ್ಣಾಕ ಬರ್ತಿದ್ದ. ಈ ಪಂಚಮಿಗರ ಕರಸ್ತಿ, ಈ ಪಂಚಮಿಗರ ಕರಸ್ತಿ ಅಂತ ಕಾದೆ. ನೀ ಬಾಯಿ ಬಿಡ್ಲಿಲ್ಲ. ಕೇಳಿದ್ರ ನೊಂದ್ಕೊಂತಿ ಅಂತ ನಾನೂ ಸುಮ್ನಾದೆ."

ಕೈಗಂಟಿದ ಹಿಟ್ಟು ತೊಳೆದುಕೊಂಡು ಅವಳೂ ನನ್ನ ಜೊತೆ ಬಸ್ಸು ಹತ್ತಿದಳು.

ಕುರುಗೋಡಿನಲ್ಲಿ ನಮ್ಮ ಪದ್ಧತಿಯಂತೆ ಅಣ್ಣನನ್ನು ಗೋಡೆಗೊರಗಿಸಿ ವಿಭೂತಿ ಹಚ್ಚಿ ಕೂರಿಸಿದ್ದರು. ಅತ್ತೆ ಅವನ ಎದುರು ಕುಳಿತಳು. "ಒಂದು ದಿನರ ಮನಿಗೆ ಕರೀಲಿಲ್ಲ. ತಪ್ಪಾತಪಾ" ಎಂದಳು. ನಾನು ಅವಳ ಹಿಂದೆ ನಿಂತಿದ್ದೆ. ನಾನು ಹೇಳಬೇಕಾಗಿದ್ದ ಮಾತನ್ನು ಅವಳು ಹೇಳಿ ಮುಗಿಸಿದ್ದಳು.