ಪೆಟ್ಟಿಗೆಯೊಳಗಿನ ನಮಸ್ಕಾರ

ಟೀವಿಯೊಳಗಿನ ಹೆಣ್ಣುಮಗಳು ನಮಸ್ಕಾರ ಎಂದಾಗಲೆಲ್ಲ ಸಾಯಬಣ್ಣ ಎದ್ದು ನಿಂತು ಕೈಮುಗಿಯುತ್ತಿದ್ದ. ಊರವರು ನಕ್ಕರು, ಮೊದಮೊದಲು ಹೊಟ್ಟೆ ಹಿಡಿದುಕೊಂಡು, ಆಮೇಲೆ ರೂಢಿಗೆಂದು. ಅವನು ಮಾತ್ರ ಬಿಡಲಿಲ್ಲ. "ಅಷ್ಟು ಛಲೋ ಹೆಣ್ಣಮಗಳು ಕೈಮುಗದ್ರ ಸುಮ್ಮ ಕುಂದ್ರಲಿಕ್ಕ ನಾ ಏನ್ ಕಲ್ಲೇನು?" ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ, ಆ ಊರಿನಲ್ಲಿ ದಿನಕ್ಕೊಮ್ಮೆ ತಪ್ಪದೆ ಅವನಿಗೆ ನಮಸ್ಕಾರ ಹೇಳುತ್ತಿದ್ದವಳು ಅವಳೊಬ್ಬಳೇ.

ಚಿಂಚೋಳಿ ತಾಲ್ಲೂಕಿನಲ್ಲಿ, ಐನಾಪುರದ ಆಚೆಗಿದ್ದ ಸಣ್ಣ ಊರು ಅದು. ಸಾಯಬಣ್ಣ ಅಲ್ಲಿನ ಶಾಲೆಯ ಚಪರಾಸಿ. ವಯಸ್ಸು ಐವತ್ತರ ಹತ್ತಿರ. ಹೆಂಡತಿ ಮರೆಮ್ಮ ಮದುವೆಯಾದ ಮೂರನೆಯ ವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದಳು. ಮಕ್ಕಳಾಗಿರಲಿಲ್ಲ. ಇನ್ನೊಂದು ಮದುವೆ ಮಾಡಿಕೋ ಎಂದು ಹೇಳಬೇಕಾದ ಹಿರಿಯರೂ ಒಬ್ಬೊಬ್ಬರಾಗಿ ಹೋದರು. ಶಾಲೆಯ ಹಿಂದಿನ ಒಂದು ಕೋಣೆಯಲ್ಲಿ ಅವನ ಒಲೆ, ಅವನ ಚಾಪೆ, ಅವನ ಎರಡು ಧೋತರ. ಇಪ್ಪತ್ತೆರಡು ವರ್ಷದಿಂದ ಅವನು ಮಂದಿಯ ಮಕ್ಕಳಿಗಾಗಿ ಗಂಟೆ ಬಾರಿಸುತ್ತಿದ್ದ. ಸಂಜೆಯ ಗಂಟೆ ಬಿದ್ದರೆ ಆ ಮಕ್ಕಳು ತಿರುಗಿ ಸಹ ನೋಡದೆ ಮನೆಗೆ ಓಡುತ್ತಿದ್ದರು. ಮಕ್ಕಳೆಂದ ಮೇಲೆ ಓಡಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಖಾಲಿ ಅಂಗಳ ಗುಡಿಸುವವನಿಗೆ ಅದು ಪ್ರತಿದಿನವೂ ಹೊಸದಾಗಿ ನೋಯುತ್ತಿತ್ತು.

ಎಪ್ಪತ್ತೈದನೆಯ ಇಸವಿಯ ಆಗಸ್ಟ್ ತಿಂಗಳಿಗೆ ಆ ಊರಿಗೆ ಸರಕಾರದ ಟೀವಿ ಬಂತು. ಆಕಾಶದೊಳಗೆ ಯಾವುದೋ ಯಂತ್ರ ನಿಂತಿದೆಯಂತೆ, ಅದು ಚಿತ್ರಗಳನ್ನು ಕೆಳಗೆ ಕಳಿಸುತ್ತದಂತೆ, ಶಾಲೆಯ ಮಾಳಿಗೆಯ ಮೇಲೆ ಕಟ್ಟಿದ ಜಾಳಿಗೆಯ ದೊಡ್ಡ ಕೊಡೆ ಅವನ್ನು ಹಿಡಿಯುತ್ತದಂತೆ. ಜೀಪಿನಲ್ಲಿ ಬಂದ ಸಾಹೇಬರು ಅಂಗಳದಲ್ಲಿ ಊರನ್ನೆಲ್ಲ ಕೂಡಿಸಿ ಉದ್ದನೆಯ ಭಾಷಣ ಮಾಡಿದರು. ಆ ಹೊತ್ತಿನಲ್ಲಿ ಸಾಯಬಣ್ಣ ಮಾಳಿಗೆಯ ಮೇಲಿದ್ದ. ನಟ್ಟು ಬಿಗಿಯುವವರೆಗೆ ಗಾಳಿಗೆ ಆ ಕೊಡೆ ಹಾರದಂತೆ ಅವುಚಿ ಹಿಡಿದು ನಿಂತಿದ್ದ. ಹೀಗಾಗಿ ಭಾಷಣದ ಒಂದಕ್ಷರವೂ ಅವನ ಕಿವಿಗೆ ಬೀಳಲಿಲ್ಲ. ಕೇಳಿದವರಾದರೂ ಎಂಟು ದಿನದಲ್ಲಿ ಮರೆತರು ಬಿಡಿ.

ಟೀವಿಗೆ ಕಟ್ಟಿಗೆಯ ಕಪಾಟು, ಕಪಾಟಿಗೆ ಬೀಗ. ಕೀಲಿ ಯಾರ ಹತ್ತಿರ ಇರಬೇಕು ಎಂಬ ಮಾತು ಬಂದಾಗ ಹೆಡ್ಮಾಸ್ತರ ಮಾಣಿಕಪ್ಪನವರು, "ಸಾಯಬಣ್ಣನ ಹಂತೇಕ ಇರಲಿ. ಅಂವಾ ಎಲ್ಲಿಗಿ ಹೋಗ್ತಾನ?" ಎಂದರು. ಮಾತು ಚುಚ್ಚಿತಾದರೂ ಸಾಯಬಣ್ಣ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ.

ಅಲ್ಲಿಂದ ಅವನ ದಿನಮಾನ ಬದಲಾಯಿತು. ಸಂಜೆ ಗಂಟೆ ಬಾರಿಸಿದರೆ ಮಕ್ಕಳು ಮನೆಗೆ ಓಡಿ, ಪಾಟಿಚೀಲ ಎಸೆದು, ಮತ್ತೆ ಇವನ ಕಡೆಗೇ ಓಡಿ ಬರುತ್ತಿದ್ದರು. "ಕಾಕಾ, ಕೀಲಿ ತೆಗಿ", "ಕಾಕಾ, ನಂಗ ಮುಂದ ಕುಂದರಸು." ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ತುಳಜಾಬಾಯಿಯ ಮಗಳು ಭೀಮಬಾಯಿ, ಎಂಟು ವರ್ಷದವಳು. ಅವಳ ಜಾಗ ಸಾಯಬಣ್ಣನ ಬಲಗಡೆಗೆ ಖಾಯಂ. ಅವನು ಕೈಮುಗಿದು ಕೂತ ಮೇಲೆ ಪ್ರತಿದಿನ ಅವನ ಮುಖ ನೋಡಿ ಕೇಳುತ್ತಿದ್ದಳು, "ಆಕಿಗಿ ನೀ ಕಾಣ್ತೀಯೇನು ಕಾಕಾ?"

"ಕಾಣ್ತಿದ್ರ ಮಾತಾಡ್ಸ್ತಿದ್ಳಲ್ಲವ್ವ. ಆಕಿಗಿ ನಾವ್ ಕಾಣಂಗಿಲ್ಲ, ಕೇಳಂಗೂ ಇಲ್ಲ."

"ಮತ್ತ್ಯಾಕ ಕೈಮುಗಿತೀ?"

"ನಂಗ ಆಕಿ ಕಾಣ್ತಾಳಲ್ಲ."

ವರ್ಷ ತುಂಬುವುದರೊಳಗೆ ಊರ ಮಕ್ಕಳು ಹಿಡಿತಕ್ಕೆ ಸಿಗದಂತಾದರು. ಟೀವಿಯಲ್ಲಿ ಕಾಳು ಮೊಳಕೆ ಒಡೆಯುವುದನ್ನು ತೋರಿಸಿದ ಮರುದಿನ ಸೂರ್ಯಕಾಂತನೆಂಬ ಹುಡುಗ ಅಪ್ಪ ತಲೆಗೆ ಸುತ್ತುವ ಹೊಸ ಪಟಕ ತೋಯಿಸಿ ಅದರಲ್ಲಿ ಕಡಲೆ ಕಟ್ಟಿಟ್ಟ. ನೀರು ಕಾಯಿಸಿ ಕುಡಿಯಬೇಕೆಂದು ಹೇಳಿದ ದಿನ ಅರ್ಧ ಊರಿನ ಮಕ್ಕಳು ಕೊಡದ ನೀರು ಮುಟ್ಟಲಿಲ್ಲ. ಭೀಮಬಾಯಿಯದಂತೂ ಬೇರೆಯೇ ಹಾಡು. ಅವಳು ಮನೆಯಲ್ಲಿ ಟೀವಿಯ ಹೆಣ್ಣುಮಗಳಂತೆ ಬೆನ್ನು ನೆಟ್ಟಗೆ ಮಾಡಿ, ಪುಸ್ತಕದ ಕನ್ನಡ ಆಡಲಿಕ್ಕೆ ಹತ್ತಿದಳು.

ತುಳಜಾಬಾಯಿ ಒಂದು ದಿನ ಮಗಳ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. "ಸಾಯಬಣ್ಣಣ್ಣಾ, ಇಕಿ ನನಗ ಏನಂತಾಳ ಕೇಳು. 'ತಾಯಂದಿರೇ, ದಯವಿಟ್ಟು ರೊಟ್ಟಿ ಕೊಡಿ' ಅಂತಾಳ. ಎಷ್ಟು ಮಂದಿ ತಾಯಂದಿರು ಹಡದಾರ ಇಕಿನ್ನ? ನಾ ಮಾತಾಡ್ಸಿದ್ರ ಹೂಂ ಅನ್ನಂಗಿಲ್ಲ, ಗ್ವಾಡಿ ನೋಡಕೋತ ಕುಂದಿರ್ತಾಳ. ಕೀಲಿ ತೆಗಿಯಾಂವ ನೀ, ನೀನೇ ಬುದ್ಧಿ ಹೇಳು."

ಸಾಯಬಣ್ಣ ಬುದ್ಧಿ ಹೇಳಿದ ಹಾಗೆ ಮಾಡಿದ. ಒಳಗೊಳಗೆ ಹಿಗ್ಗಿದ. ಇಪ್ಪತ್ತೆರಡು ವರ್ಷದಲ್ಲಿ ಯಾವ ತಾಯಿಯೂ ತನ್ನ ಮಗುವಿನ ದೂರನ್ನು ಅವನ ಬಾಗಿಲಿಗೆ ತಂದಿರಲಿಲ್ಲ. ದೂರು ತರಬೇಕಾದರೆ ಅವನೂ ಆ ಮಕ್ಕಳಿಗೆ ಏನೋ ಆಗಿರಬೇಕಲ್ಲ.

ಮರುವರ್ಷ ಜುಲೈ ಕೊನೆಗೆ ಮಳೆ ಹಿಡಿಯಿತು. ತೊಯ್ದ ಧೋತರ ಎರಡು ದಿನವಾದರೂ ಒಣಗಲಿಲ್ಲ. ಮೂರನೆಯ ದಿನ ಮಳೆ ಬಿಟ್ಟಾಗ, ಕಾರ್ಯಕ್ರಮ ಮುಗಿದ ಮೇಲೆ ಸಾಯಬಣ್ಣ ಮಾಳಿಗೆ ಏರಿ, ಧೋತರವನ್ನು ಆ ಜಾಳಿಗೆಯ ಕೊಡೆಯ ಮೇಲೆ ಹರವಿದ. ಗಾಳಿ ಆಡುವ ಜಾಗ ಅದೊಂದೇ. ಮರುದಿನ ಒಣಗಿದ ಧೋತರ ಉಟ್ಟು ಬಂದು ಸಂಜೆ ಕಪಾಟು ತೆರೆದರೆ ಚಿತ್ರವಿಲ್ಲ. ಜೋಳದ ಅರಳು ಸಿಡಿದಂತೆ ಬರೀ ಬಿಳಿ ಚುಕ್ಕೆ, ಬರೀ ಸದ್ದು.

ನನ್ನ ಧೋತರವೇ ಇದನ್ನು ಕೆಡಿಸಿತು ಎಂದು ಅವನಿಗೆ ಖಾತ್ರಿಯಾಯಿತು. ಯಾರಿಗೂ ಹೇಳಲಿಲ್ಲ. ಹೇಳೋಣವೆಂದರೆ ಮಾಣಿಕಪ್ಪ ಮಾಸ್ತರರು ತರಬೇತಿಗೆಂದು ಪರವೂರಿಗೆ ಹೋಗಿದ್ದರು. ಅವರ ಬದಲಿಗೆ ಬಂದ ಹೊಸ ಮಾಸ್ತರರಿಗೆ ಟೀವಿಯ ವಿಷಯ ಏನೂ ಗೊತ್ತಿರಲಿಲ್ಲ. ಸಾಯಬಣ್ಣ ದಿನಾ ಮಾಳಿಗೆ ಏರಿ ಜಾಳಿಗೆ ಒರೆಸಿದ, ಕೊಡೆಯನ್ನು ಅಷ್ಟಿಷ್ಟು ತಿರುಗಿಸಿದ, ಕೊನೆಗೆ ಅದಕ್ಕೊಂದು ತೆಂಗಿನಕಾಯಿಯನ್ನೂ ಒಡೆದ.

ಮಕ್ಕಳು ನಾಲ್ಕು ದಿನ ಬಂದು ಚುಕ್ಕೆಗಳನ್ನೇ ನೋಡುತ್ತ ಕೂತರು. "ಎಂದ ಬರ್ತಾದ ಕಾಕಾ?" ಎಂದು ಕೇಳಿದರೆ, "ನಾಳಿಗಿ ಬರ್ತಾದ, ಎಲ್ಲಿ ಹೋಗ್ತಾದ" ಎನ್ನುತ್ತಿದ್ದ. ಐದನೆಯ ದಿನ ಅರ್ಧದಷ್ಟು ಮಂದಿ ಬಂದರು. ಎಂಟನೆಯ ದಿನ ಭೀಮಬಾಯಿ ಒಬ್ಬಳು. ಆಮೇಲೆ ಅವಳೂ ಬರಲಿಲ್ಲ. ಸಾಯಬಣ್ಣನಿಗೆ ಹಗಲಿಡೀ ಒಂದೇ ಯೋಚನೆ: ಯಾರಾದರೂ ಬಂದು ಇದನ್ನು ರಿಪೇರಿ ಮಾಡಬೇಕು, ಮಕ್ಕಳು ತಿರುಗಿ ಬರಬೇಕು. ಒಬ್ಬನಿಗೋಸ್ಕರ ಒಲೆ ಹೊತ್ತಿಸುವುದು ಅವನಿಗೆ ಬೇಸರವಾಗತೊಡಗಿತು.

ಹದಿನೈದು ದಿನದ ಮೇಲೆ ಜೀಪು ಬಂತು. ಮಾಣಿಕಪ್ಪ ಮಾಸ್ತರರೂ ಅದರಲ್ಲೇ ಬಂದಿಳಿದರು. ಸಾಯಬಣ್ಣ ಸಾಹೇಬರ ಮುಂದೆ ಕೈಕಟ್ಟಿ ನಿಂತು ಎಲ್ಲವನ್ನೂ ಒಪ್ಪಿಕೊಂಡ. "ತಪ್ಪು ನಂದ ಅದರಿ ಸಾಹೇಬ್ರ. ಧೋತರ ಹಾಕಿ ಕೆಡಸೀನಿ. ಪಗಾರ ಹಿಡೀರಿ, ನೌಕರಿ ತೆಗೀರಿ, ಆದ್ರ ಇದನ್ನಷ್ಟು ಸುದ್ದ ಮಾಡಿ ಕೊಡ್ರಿ. ಹುಡುಗ್ರು ಕಾಯಲಿಕತ್ತಾವ."

ಸಾಹೇಬರು ಮಾಸ್ತರರ ಮುಖ ನೋಡಿದರು. ಮಾಸ್ತರರು ಮೆಲ್ಲಗೆ ಹೇಳಿದರು: "ನಿಂದೇನೂ ತಪ್ಪಿಲ್ಲೋ ಸಾಯಬಣ್ಣಾ. ಇದು ಒಂದೇ ವರ್ಷದ ಯೋಜನಾ ಇತ್ತು. ಮೊದಲನೇ ದಿನಾನೇ ಸಾಹೇಬ್ರು ಹೇಳಿದ್ರಲ್ಲ. ಮ್ಯಾಲಿನ ಯಂತ್ರ ಬ್ಯಾರೆ ಕಡಿ ಸರದದ. ಈಗ ಪೆಟಗಿ ಒಯ್ಯಲಿಕ್ಕ ಬಂದಾರ."

ತಪ್ಪು ತನ್ನದಲ್ಲವೆಂದು ತಿಳಿದರೆ ಯಾರಿಗಾದರೂ ಹಗುರಾಗಬೇಕು. ಸಾಯಬಣ್ಣನಿಗೆ ಹಾಗಾಗಲಿಲ್ಲ. ತನ್ನ ತಪ್ಪಾಗಿದ್ದರೆ ತಿದ್ದಬಹುದಿತ್ತು, ದಂಡ ಕೊಡಬಹುದಿತ್ತು, ಕಾಲು ಹಿಡಿಯಬಹುದಿತ್ತು. ಆಕಾಶದಲ್ಲಿ ಸರಿದು ಹೋದದ್ದಕ್ಕೆ ಯಾರ ಕಾಲು ಹಿಡಿಯುವುದು? ಅವನು ತಾನೇ ಟೀವಿಯನ್ನು ಎತ್ತಿ ಜೀಪಿನೊಳಗೆ ಇಟ್ಟ. ಗುಜರಿಗೆ ಹಾಕು ಎಂದು ಅವರು ಬಿಟ್ಟುಹೋದದ್ದು ಹಳೆಯ ಕಪಾಟನ್ನು ಮಾತ್ರ. ಅದರ ಒಂದು ಬಾಗಿಲು ಮುರಿದಿತ್ತು. ಕೀಲಿಯನ್ನು ಯಾರೂ ಕೇಳಲಿಲ್ಲ.

ಎರಡು ದಿನ ಕಳೆದ ಮೇಲೆ, ಸಂಜೆಯ ಗಂಟೆ ಬಾರಿಸಿ ಅಂಗಳ ಗುಡಿಸುತ್ತಿದ್ದಾಗ, ವರಾಂಡದಿಂದ ಸಣ್ಣ ದನಿ ಕೇಳಿತು. ಭೀಮಬಾಯಿ ಆ ಖಾಲಿ ಕಪಾಟಿನ ಹಿಂದಿನ ಹಲಗೆ ಕಿತ್ತು, ಒಳಗೆ ಕೂತು, ಬೆನ್ನು ನೆಟ್ಟಗೆ ಮಾಡಿ ಎದುರಿಗೆ ನೋಡುತ್ತಿದ್ದಳು.

"ನಮಸ್ಕಾರ. ಈಗ ನಮ್ಮೂರಿನ ಸುದ್ದಿ. ಸೂರ್ಯಕಾಂತನಿಗೆ ಅವರ ಅಪ್ಪ ಹೊಡೆದಿದ್ದಾರೆ. ನಮ್ಮ ಎಮ್ಮೆ ಕರು ಹಾಕಿದೆ. ಸಾಯಬಣ್ಣ ಕಾಕಾ ಎರಡು ದಿನಗಳಿಂದ ಒಲೆ ಹಚ್ಚಿಲ್ಲ ಎಂದು ನಮ್ಮ ಅವ್ವ ತಿಳಿಸಿದ್ದಾರೆ."

ಸಾಯಬಣ್ಣ ಕಸಬರಿಗೆ ಕೆಳಗಿಟ್ಟ. ಅವನು ವರಾಂಡದ ಕೆಳಗೆ ನೆಟ್ಟಗೆ ನಿಂತು ಕೈಮುಗಿದ. ತನ್ನ ಒಲೆಯ ಸುದ್ದಿಯೂ ಯಾರಿಗೋ ಸುದ್ದಿ ಎಂಬುದು ಅವನಿಗೆ ಗೊತ್ತಿರಲಿಲ್ಲ.

"ಭೀಮಿ, ಇವತ್ತ ಹಚ್ಚತೀನವ್ವ. ನಾಳಿಗಿ ಮತ್ತ ಬರ್ತೀಯೇನು?"

ಭೀಮಬಾಯಿ ಕಣ್ಣು ಕದಲಿಸಲಿಲ್ಲ. ಅವನು ಇನ್ನೊಮ್ಮೆ ಕೇಳಿದ. ಅವಳು ಅವನ ತಲೆಯ ಮೇಲಿಂದ ಎಲ್ಲೋ ನೋಡುತ್ತ, "ಇಲ್ಲಿಗೆ ಕಾರ್ಯಕ್ರಮ ಮುಗಿಯಿತು" ಎಂದಳು. ಅಷ್ಟರಲ್ಲಿ ತುಳಜಾಬಾಯಿ ಕೂಗಿದ್ದು ಕೇಳಿಸಿತು. ಹುಡುಗಿ ಹಿಂದಿನಿಂದ ಇಳಿದು, ಗಂಟೆ ಬಿದ್ದಾಗ ಎಲ್ಲ ಮಕ್ಕಳು ಓಡುವಂತೆಯೇ ಮನೆಗೆ ಓಡಿದಳು.

ಸಾಯಬಣ್ಣ ಖಾಲಿ ಪೆಟ್ಟಿಗೆಯ ಮುಂದೆ ಕೈಮುಗಿದೇ ನಿಂತಿದ್ದ. ಅವಳ ಮೇಲೆ ಸಿಟ್ಟಾಗುವ ಹಾಗೂ ಇರಲಿಲ್ಲ. ಪೆಟ್ಟಿಗೆಯೊಳಗಿನವರಿಗೆ ನಾವು ಕಾಣುವುದಿಲ್ಲ, ನಮ್ಮ ಮಾತು ಕೇಳುವುದಿಲ್ಲ ಎಂದು ಒಂದು ವರ್ಷ ಬಗಲಲ್ಲಿ ಕೂರಿಸಿಕೊಂಡು ಕಲಿಸಿದವನು ಅವನೇ.