ರಂಗಮಂದಿರಕ್ಕೆ ಹಾಸಿದ ಕೆಂಪು ಕಲ್ಲು

ಜೋಳ ಬೀಸಿಸಿಕೊಂಡು ಬಂದೆ. ನಳ ಬಂದಾಗ ನೀರು ತುಂಬಿಟ್ಟೆ. ಗುರೆಳ್ಳು ಹುರಿದು ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟಿದೆ. ಅತ್ತೆಯ ಸೀರೆಗೆ ಇಸ್ತ್ರಿ ಹಾಕಿದೆ. ಆಮೇಲೆ ಅತ್ತೆ, ಯಜಮಾನರು, ನಾನು ರಂಗಮಂದಿರಕ್ಕೆ ಹೋದೆವು. ದುರಸ್ತಿ ಮುಗಿದು ಇಂದು ಅದರ ಬಾಗಿಲು ತೆರೆಯುವ ದಿನ. ಮೊದಲ ವಚನ ಹಾಡುವವರು ಅತ್ತೆ.

ಇಳಕಲ್ಲಿನ ನೇಕಾರರೂ ವ್ಯಾಪಾರಿಗಳೂ ಹಿಂದೆ ವಂತಿಗೆ ಪಟ್ಟಿ ಎತ್ತಿ ಕಟ್ಟಿಸಿದ ಮಂದಿರ ಅದು. ದಪ್ಪ ಮಣ್ಣಿನ ಗೋಡೆ, ಸುಣ್ಣದ ಗಿಲಾವು, ಮೇಲೆ ಹಂಚು. ವೇದಿಕೆ ಸಾಗವಾನಿ ಹಲಗೆಯದು. ಹಲಗೆಯ ಕೆಳಗೆ ಪೊಳ್ಳು, ಆ ಪೊಳ್ಳಿನಲ್ಲಿ ಬಾಯಿ ಮೇಲೆ ಮಾಡಿ ಇಟ್ಟ ಮಣ್ಣಿನ ಹರವಿಗಳು, ನೀರು ತುಂಬಿಡುವ ದೊಡ್ಡ ಗಡಿಗೆಗಳು. ದನಿಗೆ ತುಂಬು ಬರುತ್ತಿದ್ದದ್ದು ಅವುಗಳಿಂದ. ನಾನು ಮದುವೆಯಾಗಿ ಬಂದ ವರ್ಷ, ಹೆಂಗಸರು ಕೂರುವ ಮೇಲಿನ ಅಟ್ಟದಲ್ಲಿ ಕೂತು ಅತ್ತೆಯ ಹಾಡನ್ನು ಒಂದಕ್ಷರ ಬಿಡದೆ ಕೇಳಿದ್ದೆ. ಅತ್ತೆ ಈಗಲೂ ಮೈಕು ಮುಟ್ಟುವುದಿಲ್ಲ.

ದುರಸ್ತಿ ಎಂದು ಆ ಹಲಗೆ ಕಿತ್ತು, ಹರವಿ ಒಡೆದು, ಮುರುಮು ಮಣ್ಣು ತುಂಬಿ ಗ್ರಾನೈಟ್ ಹಾಸಿದ್ದಾರೆ. ಗೋಡೆಗೂ ಅದನ್ನೇ ಹಚ್ಚಿದ್ದಾರೆ. ನಮ್ಮೂರ ಕೆಂಪು ಕಲ್ಲು ದೇಶವೆಲ್ಲ ಹೋಗುವಾಗ ನಮ್ಮ ಮಂದಿರಕ್ಕೆ ಬೇಡವೇ ಎಂದು ಕಮಿಟಿಯವರ ವಾದ. ಯಜಮಾನರೂ ಆ ಕಮಿಟಿಯಲ್ಲಿದ್ದಾರೆ. ಹರವಿ ಉಳಿಸು ಎಂದು ಅತ್ತೆ ಮಗನಿಗೆ ಹೇಳಿದ್ದರು. “ಹರವಿ ಅಡಗಿಮನ್ಯಾಗ ಇರ್ಲಿ ಬಿಡ ಯವ್ವಾ” ಎಂದು ನಕ್ಕಿದ್ದರು ಇವರು.

ಅತ್ತೆ ಹಾಡಿದರು. ಮೊದಲ ಸಾಲು ಗೋಡೆಗೆ ಬಡಿದು ತಿರುಗಿ ಬಂದು ಎರಡನೆಯ ಸಾಲಿನ ಮೇಲೆ ಬಿತ್ತು. ಒಂದು ಮಾತೂ ತಿಳಿಯಲಿಲ್ಲ. ನನ್ನ ಹಿಂದೆ ಕೂತವನೊಬ್ಬ ಪಕ್ಕದವನಿಗೆ, “ಮುದುಕಿ ದನಿ ಹೋತಲೇ” ಎಂದ.

“ದನಿ ಹೋಗಿಲ್ರಿ,” ಅಂದೆ ತಿರುಗಿ. “ಬಚ್ಚಲದಾಗ ನಿಂತು ಒದರಿ ನೋಡ್ರಿ, ನಿಮ್ದೂ ಹಿಂಗ ಕೇಳತೈತಿ.”

ಅತ್ತೆ ವಚನ ಮುಗಿಸಲಿಲ್ಲ. ನಡುವೆಯೇ ಕೈಮುಗಿದು ಇಳಿದರು.

ಹೊರಗೆ ಬಂದ ಮೇಲೆ ಯಜಮಾನರು, “ಹೆಂಗ ಹೊಳೀತೈತಿ ನೋಡಿದ್ಯಾ?” ಎಂದರು.

“ಹೊಳಿಯೂದು ನೋಡಾಕ ಬಂದಿದ್ರೇನ್ರಿ ಮಂದಿ?”

“ಮುಂದಿನ ಸಲ ಮೈಕ್ ಹಚ್ಚಸ್ತೇನಿ.”

“ಹಚ್ಚಸ್ರಿ. ಗದ್ದಲ ಇನ್ನಷ್ಟು ದೊಡ್ಡದಾಗತೈತಿ.”

ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ನಾ ಇನ್ನ ಅಲ್ಲಿ ಹತ್ತೂದಿಲ್ಲಪಾ. ನಿನ್ನ ಕಲ್ಲು ನೀನ ತೊಳಕೊಂತ ಕೂಡು” ಎಂದರು.

ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ, ಹಿಂಡಿ, ಮೊಸರು. ಅತ್ತೆ ಅರ್ಧ ರೊಟ್ಟಿಗೇ ಕೈ ತೊಳೆದರು. ಯಜಮಾನರು ಇನ್ನಷ್ಟು ಮೊಸರು ಕೇಳಿದಾಗ ಪಾತ್ರೆಯನ್ನು ಅವರ ಕಡೆ ಸರಿಸಿದೆ, ಬಡಿಸಲಿಲ್ಲ. ಆ ರಾತ್ರಿ ಎಲ್ಲರಿಗಿಂತ ಮೊದಲು ನಿದ್ದೆ ಹತ್ತಿದ್ದು ಯಜಮಾನರಿಗೇ.